ಪೈಥಾನ್ ಪುಟ ಓದಿ ಟೈಪ್ ಮಾಡಿ ನೋಡುವವರ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಆನ್‌ಲೈನ್ ವಿಶ್ವಕೋಶದ ಕನ್ನಡ ಸಂಪಾದಕ ಬಳಗದವರಿಗೆ ಮತ್ತು ನಿರ್ವಾಹಕರಿಗೆ

ಮಾನ್ಯರೇ,

ನಮಸ್ಕಾರ. ನಾನು ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಕನ್ನಡದಲ್ಲಿ ಪಾಠ ಹೇಳುವವಳು. ನಿಮ್ಮ ವಿಶ್ವಕೋಶವನ್ನು ವರ್ಷಗಳಿಂದ ಓದುತ್ತಿದ್ದೇನೆ. ಆಗಾಗ ಸಣ್ಣಪುಟ್ಟ ತಿದ್ದುಪಡಿಗಳನ್ನೂ ಮಾಡಿದ್ದೇನೆ. ನೀವೆಲ್ಲ ಸಂಬಳವಿಲ್ಲದೆ, ಬಿಡುವಿನ ಹೊತ್ತು ಕೊಟ್ಟು ಈ ಕೆಲಸ ಮಾಡುತ್ತೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ದಿನ ಚರ್ಚೆ ಪುಟದಲ್ಲಿ ಬರೆದು ಸುಮ್ನೆ ಕಾದೆ. ಆರು ತಿಂಗಳಾದರೂ ಉತ್ತರ ಬರಲಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ನಿಮ್ಮಲ್ಲಿರುವ ಲೇಖನ ಈಗಿರುವ ಸ್ಥಿತಿಯಲ್ಲಿ ಕಲಿಯುವವರನ್ನು ದಾರಿ ತಪ್ಪಿಸುತ್ತಿದೆ. ಹಾಗಾಗಿ ಈ ಮಾತನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಏನಾಯಿತು ಅಂತ ಹೇಳುತ್ತೇನೆ. ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗಿ ಮನೆಯಲ್ಲಿ ಕೂತು ನಿಮ್ಮ ಪುಟ ಓದಿದ್ದಳು. ಅಲ್ಲಿರುವ ಮೊದಲ ಉದಾಹರಣೆಯನ್ನು ಇದ್ದ ಹಾಗೇ ಟೈಪ್ ಮಾಡಿದ್ದಳು. ಒಂದೇ ಸಾಲು ಅದು. ಪ್ರಿಂಟ್ ಎಂಬ ಪದ, ಒಂದು ಜಾಗ ಬಿಟ್ಟು ಉದ್ಧರಣ ಚಿಹ್ನೆಯೊಳಗೆ "ನಮಸ್ಕಾರ". ಪೈಥಾನ್ ಅದನ್ನು ಒಪ್ಪಲಿಲ್ಲ. ಪ್ರಿಂಟ್ ಆದಮೇಲೆ ಬ್ರಾಕೆಟ್ ಇಲ್ಲ ಎಂದು ಕೆಂಪಕ್ಷರದಲ್ಲಿ ಎರರ್ ತೋರಿಸಿತು. ಮರುದಿನ ಅವಳು ನನ್ನ ಹತ್ತಿರ ಬಂದು, "ಮೇಡಂ, ಅಲ್ಲಿರೋ ಹಾಗೇ ಮೂರು ಸಲ ಬರ್ದೆ. ಆದ್ರೂ ಬರ್ತಿಲ್ಲ. ನಂದೇ ಏನೋ ತಪ್ಪು" ಅಂದಳು.

ಅವಳದು ಏನೂ ತಪ್ಪಿರಲಿಲ್ಲ. ಆ ಸಾಲು ಪೈಥಾನ್ 2ರದು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ ಪ್ರಿಂಟ್ ಒಂದು ಫಂಕ್ಷನ್ ಆಯಿತು, ಅಂದರೆ ಬೇಕಾದ್ದನ್ನು ಬ್ರಾಕೆಟ್ಟಿನೊಳಗೆ ಕೊಟ್ಟು ಹೆಸರಿನಿಂದ ಕರೆಯುವ ಕೋಡಿನ ತುಣುಕು. ಆಗಿನಿಂದ ಬ್ರಾಕೆಟ್ ಹಾಕಲೇಬೇಕು. ಪೈಥಾನ್ 2ಕ್ಕೆ ಸಿಗುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಇವತ್ತು ಯಾರಾದರೂ ಹೊಸದಾಗಿ ಪೈಥಾನ್ ಇಳಿಸಿಕೊಂಡರೆ ಅವರಿಗೆ ಸಿಗುವುದು 3. ನಿಮ್ಮ ಲೇಖನ ಮಾತ್ರ "ಪೈಥಾನ್ 2 ಮತ್ತು 3 ಎಂಬ ಎರಡು ಆವೃತ್ತಿಗಳು ಬಳಕೆಯಲ್ಲಿವೆ" ಎಂದು ಇನ್ನೂ ಹೇಳುತ್ತಿದೆ. ಅದರ ಕೆಳಗೇ 7ನ್ನು 2ರಿಂದ ಭಾಗಿಸಿದರೆ 3 ಬರುತ್ತದೆ ಎಂದಿದೆ. ಪೈಥಾನ್ 2ರಲ್ಲಿ ಹಾಗೆ ಬರುತ್ತಿತ್ತು, ನಿಜ. ಪೈಥಾನ್ 3ರಲ್ಲಿ 7 / 2 ಅಂದರೆ 3.5. ಪೂರ್ಣಾಂಕ ಬೇಕಿದ್ದರೆ ಎರಡು ಗೆರೆ ಹಾಕಿ 7 // 2 ಎಂದು ಬರೆಯಬೇಕು. ಪ್ರಿಂಟ್ ತಪ್ಪಾದರೆ ಎರರ್ ಆದರೂ ಬರುತ್ತದೆ. ಭಾಗಾಕಾರದಲ್ಲಿ ಅದೂ ಬರುವುದಿಲ್ಲ. ಲೇಖನ ನಂಬಿ ಲೆಕ್ಕ ಬರೆದವರಿಗೆ ತಾವು ಎಣಿಸಿದ್ದಕ್ಕಿಂತ ಬೇರೆ ಉತ್ತರ ಸದ್ದಿಲ್ಲದೆ ಬಂದುಬಿಡುತ್ತದೆ.

ಅವತ್ತೇ ರಾತ್ರಿ ನಾನು ಲಾಗಿನ್ ಆಗಿ ಎರಡನ್ನೂ ತಿದ್ದಿದೆ. ಬೆಳಗಾಗುವಷ್ಟರಲ್ಲಿ ತಿದ್ದುಪಡಿ ರದ್ದಾಗಿತ್ತು. ಕಾರಣದ ಜಾಗದಲ್ಲಿ "ಉಲ್ಲೇಖ ಇಲ್ಲ" ಎಂದಷ್ಟೇ ಇತ್ತು. ಅದನ್ನು ಒಪ್ಪುತ್ತೇನೆ. ನಾನು ಉಲ್ಲೇಖ ಕೊಟ್ಟಿರಲಿಲ್ಲ, ಕೊಡಬೇಕಿತ್ತು. ಹಾಗಾಗಿ ಎರಡನೇ ಸಲ ಉಲ್ಲೇಖಗಳ ಸಮೇತ ಬರೆದೆ. ಪ್ರಿಂಟ್ ಏಕೆ ಫಂಕ್ಷನ್ ಆಯಿತು ಎಂಬುದಕ್ಕೆ ಪೆಪ್ 3105 ಇದೆ. ಭಾಗಾಕಾರ ಏಕೆ ಬದಲಾಯಿತು ಎಂಬುದಕ್ಕೆ ಪೆಪ್ 238 ಇದೆ. ಪೈಥಾನ್‌ನಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು ಬರೆದಿಡುವ ಪ್ರಸ್ತಾವಗಳಿಗೆ ಪೆಪ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ನಂಬರು, ತಾರೀಖು, ಬರೆದವರ ಹೆಸರು ಇರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು. ಈ ಸಲ ಎರಡು ದಿನ ಉಳಿಯಿತು, ಆಮೇಲೆ ಅದೂ ಹೋಯಿತು. "ಭಾಷೆಯನ್ನು ಮಾಡಿದವರೇ ಬರೆದದ್ದು, ಸ್ವತಂತ್ರ ಆಕರವಲ್ಲ" ಎಂಬ ಕಾರಣ ಕೊಟ್ಟಿದ್ದರು.

ಸ್ವತಂತ್ರ ಆಕರ ಬೇಕು ಎಂಬ ನಿಮ್ಮ ನಿಯಮ ಒಳ್ಳೆಯದು. ಪೈಥಾನ್ ಎಷ್ಟು ಜನಪ್ರಿಯ, ಅದನ್ನು ಯಾರು ಹೊಗಳುತ್ತಾರೆ, ಬೇರೆ ಭಾಷೆಗಿಂತ ಅದು ಮೇಲೋ ಕೀಳೋ ಎಂಬಂಥ ಮಾತು ಬಂದಾಗ ಹೊರಗಿನವರು ಬರೆದದ್ದೇ ಬೇಕು. ಆದರೆ ಪ್ರಿಂಟ್‌ಗೆ ಬ್ರಾಕೆಟ್ ಬೇಕೋ ಬೇಡವೋ ಎಂಬುದು ಅಭಿಪ್ರಾಯದ ವಿಷಯವಲ್ಲ, ಅಲ್ವಾ? ಭಾಷೆಯ ವ್ಯಾಕರಣ ಏನು ಎಂಬುದಕ್ಕೆ ಅಧಿಕೃತ ಕೈಪಿಡಿಗಿಂತ ಗಟ್ಟಿಯಾದ ಆಕರ ಯಾವುದಿದೆ? ಇನ್ನೂ ಒಂದು ಮಾತು. ನನ್ನ ಸಾಲನ್ನು ತೆಗೆದು ನೀವು ವಾಪಸ್ ಇಟ್ಟ ಹಳೆಯ ಸಾಲಿಗೆ ಯಾವ ಉಲ್ಲೇಖವೂ ಇಲ್ಲ. ಹೊಸದಕ್ಕೆ ಒಂದು ಅಳತೆ, ಮೊದಲಿಂದ ಇದ್ದದ್ದಕ್ಕೆ ಇನ್ನೊಂದು ಅಳತೆ ಆಗಬಾರದು.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಸಂಗತಿಗೆ ಬರುತ್ತೇನೆ. ಲೇಖನದ ನಡುವೆ 1ರಿಂದ 5ರವರೆಗಿನ ಸಂಖ್ಯೆಗಳನ್ನು ಕೂಡುವ ಪುಟ್ಟ ಪ್ರೋಗ್ರಾಮ್ ಇದೆ. ಈ ಪತ್ರದಲ್ಲಿ ಓದಲು ಅನುಕೂಲವಾಗಲಿ ಎಂದು ಅದು ಮೊದಲು ಸರಿಯಾಗಿ ಇದ್ದ ರೂಪವನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ:

ಮೊತ್ತ = 0
ಫಾರ್ ಸಂಖ್ಯೆ ಇನ್ ರೇಂಜ್(1, 6):
    ಮೊತ್ತ = ಮೊತ್ತ + ಸಂಖ್ಯೆ
ಪ್ರಿಂಟ್(ಮೊತ್ತ)

ರೇಂಜ್(1, 6) ಅಂದರೆ 1ರಿಂದ 5ರವರೆಗೆ, 6 ಸೇರುವುದಿಲ್ಲ. ಮೂರನೇ ಸಾಲು ನಾಲ್ಕು ಸ್ಪೇಸ್‌ನಷ್ಟು ಒಳಗೆ ಸರಿದಿದೆ ನೋಡಿ. ಬೇರೆ ಹಲವು ಭಾಷೆಗಳಲ್ಲಿ ಇದು ಅಂದಕ್ಕೆ. ಪೈಥಾನ್‌ನಲ್ಲಿ ಇದೇ ವ್ಯಾಕರಣ. ಯಾವ ಸಾಲು ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಒಳಗಿದೆ, ಯಾವುದು ಹೊರಗಿದೆ ಎಂಬುದನ್ನು ಆ ಖಾಲಿ ಜಾಗವೇ ಹೇಳುತ್ತದೆ. ಪುಟದ ತಿದ್ದುಪಡಿಗಳ ಇತಿಹಾಸ ತೆರೆದು ನೋಡಿದರೆ, ಒಬ್ಬ ಸಂಪಾದಕರು "ಅನಗತ್ಯ ಖಾಲಿ ಜಾಗ ತೆಗೆದೆ" ಎಂದು ಬರೆದು ಎಲ್ಲ ಸಾಲುಗಳನ್ನೂ ಎಡಕ್ಕೆ ಎಳೆದು ನಿಲ್ಲಿಸಿದ್ದಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಅವರು ಅದೇ ದಿನ ಇನ್ನೂ ಎಷ್ಟೋ ಪುಟಗಳನ್ನು ಹೀಗೆ ಚೊಕ್ಕ ಮಾಡಿದ್ದಾರೆ. ಆದರೆ ಈ ಪುಟದಲ್ಲಿ ಮಾತ್ರ ಆ ಪ್ರೋಗ್ರಾಮ್ ಓಡುವುದೇ ನಿಂತಿತು.

ಕೆಲವು ವಾರಗಳ ನಂತರ ಇನ್ನೊಬ್ಬರು ಬಂದು ಸರಿ ಮಾಡಲು ನೋಡಿದ್ದಾರೆ. ಫಾರ್ ಸಾಲಿನ ಕೆಳಗಿರುವುದನ್ನೆಲ್ಲ ಒಳಗೆ ಸರಿಸಿದ್ದಾರೆ. ಕೊನೆಯ ಪ್ರಿಂಟ್ ಕೂಡ ಒಳಗೆ ಹೋಗಿದೆ. ಈಗ ಪ್ರೋಗ್ರಾಮ್ ಓಡುತ್ತದೆ, ಎರರ್ ಇಲ್ಲ. ಆದರೆ ಪರದೆಯ ಮೇಲೆ 1, 3, 6, 10, 15 ಎಂದು ಐದು ಸಾಲು ಬರುತ್ತವೆ. ಪ್ರಿಂಟ್ ಲೂಪಿನ ಒಳಗೆ ಸೇರಿದ್ದರಿಂದ ಪ್ರತಿ ಸುತ್ತಿಗೂ ಅಷ್ಟುಹೊತ್ತಿನ ಮೊತ್ತ ಅಚ್ಚಾಗುತ್ತದೆ. ಪುಟದಲ್ಲಿ ಅದರ ಕೆಳಗೆ "ಉತ್ತರ: 15" ಎಂದೇ ಇದೆ. ಇವತ್ತಿಗೂ ಹಾಗೇ ಇದೆ. ಹೊಸಬರು ಇದನ್ನು ನೋಡಿ ಏನೆಂದುಕೊಳ್ಳಬೇಕು? ಪ್ರೋಗ್ರಾಮ್ ಗೊತ್ತಿದ್ದವರು ಒಂದು ಕ್ಷಣದಲ್ಲಿ ಹಿಡಿಯುತ್ತಾರೆ. ಆದರೆ ಗೊತ್ತಿದ್ದವರು ಈ ಪುಟ ಓದಲು ಬರುವುದೇ ಇಲ್ಲ. ಬರುವವರು ಗೊತ್ತಿಲ್ಲದವರು. ಅವರು ಓದಿ ಪಕ್ಕಕ್ಕಿಡುವುದಿಲ್ಲ, ಟೈಪ್ ಮಾಡಿ ನೋಡುತ್ತಾರೆ. ಬೇರೆ ಲೇಖನದಲ್ಲಿ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೆ ಯಾರಿಗೂ ತೊಂದರೆಯಿಲ್ಲ. ಇಲ್ಲಿ ನಾಲ್ಕು ಸ್ಪೇಸ್ ಹೋದರೆ ಲೇಖನದ ಮಾತೇ ಸುಳ್ಳಾಗುತ್ತದೆ.

ಇನ್ನು ಲೇಖನದ ಉಳಿದ ಭಾಗ. ಪೈಥಾನ್ ಯಾವಾಗ ಹುಟ್ಟಿತು ಎಂಬುದಕ್ಕೆ ಒಂದೇ ಪುಟದಲ್ಲಿ ಮೂರು ಇಸವಿಗಳಿವೆ. ಮಾಹಿತಿಪೆಟ್ಟಿಗೆಯಲ್ಲಿ 1989, ಮೊದಲ ಪ್ಯಾರಾದಲ್ಲಿ 1991, ಇತಿಹಾಸದ ಭಾಗದಲ್ಲಿ 1994. ಮೂರೂ ಎಲ್ಲಿಂದಲೋ ಗಾಳಿಯಲ್ಲಿ ಬಂದವಲ್ಲ. ಗೈಡೋ ವಾನ್ ರಾಸಮ್ ಅವರು ನೆದರ್ಲೆಂಡ್ಸ್‌ನ ಸಿಡಬ್ಲ್ಯೂಐ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಬರೆಯಲು ಶುರುಮಾಡಿದರು. ಮೊದಲ ಸಲ ಎಲ್ಲರಿಗೂ ಸಿಕ್ಕಿದ್ದು 1991ರ ಫೆಬ್ರವರಿಯಲ್ಲಿ, 0.9.0 ಎಂಬ ಆವೃತ್ತಿಯಾಗಿ. 1.0 ಬಂದದ್ದು 1994ರ ಜನವರಿಯಲ್ಲಿ. ಯಾವ ಇಸವಿ ಯಾವುದಕ್ಕೆ ಎಂದು ಎರಡು ಸಾಲು ಬರೆದರೆ ಗೊಂದಲ ಮುಗಿಯುತ್ತದೆ. ಬರೆಯದೇ ಇದ್ದುದಕ್ಕೆ ಮೂವರು ಸಂಪಾದಕರು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾ ವರ್ಷಗಟ್ಟಲೆ ಜಗ್ಗಾಡಿದ್ದಾರೆ.

ಹೆಸರಿನ ವಿಷಯವೂ ಹಾಗೇ. ಹೆಬ್ಬಾವಿನ ಹೆಸರನ್ನು ಇಟ್ಟರು ಎಂದು ಬರೆದಿದ್ದೀರಿ. ಲೋಗೋದಲ್ಲಿ ಹಾವುಗಳಿರುವುದರಿಂದ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಹೆಸರು ಬಂದದ್ದು ಬಿಬಿಸಿಯ "ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್" ಎಂಬ ಹಾಸ್ಯ ಕಾರ್ಯಕ್ರಮದಿಂದ. ಭಾಷೆಯ ಅಧಿಕೃತ ಕೈಪಿಡಿಯೇ ಇದನ್ನು ಹೇಳುತ್ತದೆ. ಭಾಷೆಯ ಬಗ್ಗೆ ಕೊನೆಯ ಮಾತು ಇವತ್ತಿಗೂ ವಾನ್ ರಾಸಮ್ ಅವರದೇ ಎಂಬ ಸಾಲು ಕೂಡ ಹಳೆಯದು. ಪೆಪ್ 572ರ ಬಗ್ಗೆ ನಡೆದ ಬಿಸಿಬಿಸಿ ಚರ್ಚೆಯ ನಂತರ, 2018ರ ಜುಲೈನಲ್ಲಿ, ಅವರು ಆ ಸ್ಥಾನ ಬಿಟ್ಟರು. 2019ರಿಂದ ಐದು ಜನರ ಚುನಾಯಿತ ಸಮಿತಿ ಆ ಕೆಲಸ ಮಾಡುತ್ತಿದೆ.

"ಪೈಥಾನ್ ಒಂದು ಸಾಲು ಓದಿ, ಅದನ್ನು ಓಡಿಸಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತದೆ" ಎಂಬ ವಾಕ್ಯವಿದೆ. ಇದು ನಿಮ್ಮ ಪುಟದ್ದಷ್ಟೇ ತಪ್ಪಲ್ಲ, ಎಲ್ಲ ಕಡೆ ಹರಡಿರುವ ಮಾತು. ಪರೀಕ್ಷೆ ಮಾಡಲು ಒಂದು ನಿಮಿಷ ಸಾಕು. ಒಂದು ಫೈಲಿನಲ್ಲಿ ಮೊದಲ ಸಾಲಿಗೆ ಸರಿಯಾದ ಪ್ರಿಂಟ್ ಬರೆಯಿರಿ. ಕೊನೆಯ ಸಾಲಿನಲ್ಲಿ ಬೇಕಂತಲೇ ಒಂದು ಬ್ರಾಕೆಟ್ ಮುಚ್ಚದೆ ಬಿಡಿ. ಓಡಿಸಿ ನೋಡಿ. ಮೊದಲ ಸಾಲು ಕೂಡ ಅಚ್ಚಾಗುವುದಿಲ್ಲ. ಯಾಕೆಂದರೆ ಪೈಥಾನ್ ಪ್ರೋಗ್ರಾಮುಗಳನ್ನು ಓಡಿಸಲು ನಾವೆಲ್ಲ ಸಾಮಾನ್ಯವಾಗಿ ಬಳಸುವ ಸಿಪೈಥಾನ್ ಮೊದಲು ಇಡೀ ಫೈಲನ್ನು ಓದಿ, ತಾನು ಓಡಿಸಬಲ್ಲ ಸೂಚನೆಗಳಾದ ಬೈಟ್‌ಕೋಡ್ ಮಾಡಿಕೊಳ್ಳುತ್ತದೆ, ಆಮೇಲಷ್ಟೇ ಓಡಿಸುತ್ತದೆ. "ಪೈಥಾನ್‌ನಲ್ಲಿ ಟೈಪ್‌ಗಳಿಲ್ಲ" ಎಂಬ ಸಾಲನ್ನೂ ಹೀಗೇ ಪರೀಕ್ಷಿಸಬಹುದು. ಇಲ್ಲಿ ಟೈಪ್ ಅಂದರೆ ಸಂಖ್ಯೆಯೋ ಅಕ್ಷರಗಳೋ ಎಂಬ ಬಗೆ. ಉದ್ಧರಣ ಚಿಹ್ನೆಯೊಳಗಿನ "5"ಕ್ಕೆ ಬರೀ 5ನ್ನು ಕೂಡಿಸಲು ಹೋದರೆ ಟೈಪ್ ಎರರ್ ಬರುತ್ತದೆ. ಟೈಪ್ ಇಲ್ಲದಿದ್ದರೆ ಈ ಎರರ್ ಎಲ್ಲಿಂದ ಬರಬೇಕು? ಹೆಸರಿಗೆ ಮೊದಲೇ ಟೈಪ್ ಗೊತ್ತುಮಾಡಬೇಕಾಗಿಲ್ಲ, ಆದರೆ ಆ ಹೆಸರಿನಲ್ಲಿಟ್ಟ ಬೆಲೆಗೆ ಟೈಪ್ ಇದ್ದೇ ಇರುತ್ತದೆ. ವೇಗದ ಬಗ್ಗೆ ಬರೆದಿರುವ ಪ್ಯಾರಾದಲ್ಲೂ ಭಾಷೆ ಯಾವುದು, ಅದನ್ನು ಓಡಿಸುವ ಸಿಪೈಥಾನ್, ಪೈಪೈ, ಜೈಥಾನ್ ಯಾವುವು ಎಂಬ ಭೇದವೇ ಇಲ್ಲ.

ಭಾಷಾಂತರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಇಂಗ್ಲಿಷಿನಿಂದ ಯಂತ್ರದ ಮೂಲಕ ತಂದು ಹಾಗೇ ಅಂಟಿಸಿದ್ದಾರೆ ಎಂಬುದು ಓದಿದರೇ ತಿಳಿಯುತ್ತದೆ. ಒಂದು ಕಡೆ "ದಾರಗಳನ್ನು ಬದಲಾಯಿಸಲು ಸಾಧ್ಯವಿಲ್ಲ" ಎಂದಿದೆ. ನಾಲ್ಕು ಪ್ಯಾರಾ ಕೆಳಗೆ "ಹಲವು ದಾರಗಳನ್ನು ಒಟ್ಟಿಗೆ ಓಡಿಸಬಹುದು" ಎಂದಿದೆ. ಮೊದಲನೆಯದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಎರಡನೆಯದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಬೇರೆಯವುಗಳ ಜೊತೆ ನಡೆಯುವ ಒಂದು ಕೆಲಸ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಿಷಯಗಳು ಕನ್ನಡದಲ್ಲಿ ಒಂದೇ ಆಗಿಬಿಟ್ಟಿವೆ. ಬದಲಾಗದ ದಾರ ಅದು ಹೇಗೆ ಓಡುತ್ತದೆ ಎಂದು ನನ್ನ ಪಾಠದಲ್ಲಿ ಒಬ್ಬ ಹುಡುಗ ಕೇಳಿದ್ದ. ಪ್ರಶ್ನೆ ನ್ಯಾಯವಾದದ್ದೇ. ಪೈಥಾನ್ ಜೊತೆಗೇ ಬರುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ, "ಪ್ರಮಾಣಿತ ಗ್ರಂಥಾಲಯ" ಆಗಿದೆ. ಓದಿದವರಿಗೆ ಕಣ್ಣ ಮುಂದೆ ಬರುವುದು ಪುಸ್ತಕದ ಕಪಾಟು.

ಕನ್ನಡ ಪದ ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲೇ ಪಾಠ ಮಾಡುವವಳು ನಾನು. ಸ್ಟ್ರಿಂಗ್‌ಗೆ "ಅಕ್ಷರಸಾಲು" ಅಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ವೇರಿಯೇಬಲ್‌ಗೆ ಶಾಲೆಯ ಬೀಜಗಣಿತದಲ್ಲಿ ಕಲಿತ "ಚರಾಕ್ಷರ" ಇದೆ. "ಕಸ ಸಂಗ್ರಹ" ಎಂಬುದನ್ನೂ ಒಂದು ಸಾಲಿನ ವಿವರಣೆ ಕೊಟ್ಟು ಉಳಿಸಿಕೊಳ್ಳಬಹುದು. ಬಳಸುವುದು ನಿಂತ ಮೆಮೊರಿಯನ್ನು ಪೈಥಾನ್ ತಾನೇ ವಾಪಸ್ ಪಡೆಯುತ್ತದೆ ಎಂಬ ಅರ್ಥಕ್ಕೆ ಅದು ಹತ್ತಿರವಾಗಿಯೇ ಇದೆ. ಆದರೆ ಥ್ರೆಡ್, ಲೈಬ್ರರಿ, ಫಂಕ್ಷನ್ ಎಂದು ಜನ ಈಗಾಗಲೇ ಕನ್ನಡದ ಮಾತಿನಲ್ಲಿ ಸಲೀಸಾಗಿ ಹೇಳುತ್ತಾರಲ್ಲ, ಅವನ್ನು ಹಾಗೇ ಬಿಡಿ. ಪದ ಯಾವುದೇ ಇರಲಿ, ಮೊದಲ ಸಲ ಬಂದಾಗ ಅದರ ಅರ್ಥ ಹೇಳಿ, ಆಮೇಲೆ ಪುಟದುದ್ದಕ್ಕೂ ಅದೊಂದನ್ನೇ ಬಳಸಿ.

ಇಂಗ್ಲಿಷ್ ಲೇಖನದ ನೆರಳಾಗಿಯೇ ಉಳಿದದ್ದರಿಂದ ಈ ಪುಟ ಇನ್ನೊಂದನ್ನು ಕಳೆದುಕೊಂಡಿದೆ. ಕನ್ನಡ ಓದುಗರಿಗೆ ಮುಖ್ಯವಾದ ಸಂಗತಿಗಳು ಅದರಲ್ಲಿ ಬಂದೇ ಇಲ್ಲ. ಪೈಥಾನ್ 3ರಲ್ಲಿ ಚರಾಕ್ಷರಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಮೇಲಿನ ಪ್ರೋಗ್ರಾಮಿನ ಫಾರ್, ಇನ್, ರೇಂಜ್, ಪ್ರಿಂಟ್ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, "ಮೊತ್ತ", "ಸಂಖ್ಯೆ" ಎರಡನ್ನು ಹಾಗೇ ಕನ್ನಡದಲ್ಲಿ ಬಿಟ್ಟರೂ ಅದು ಓಡುತ್ತದೆ. ಪೆಪ್ 3131 ಈ ಅವಕಾಶ ಕೊಟ್ಟಿತು. ಮೊದಲ ಸಲ ಇದನ್ನು ನೋಡಿದ ಮಕ್ಕಳ ಮುಖ ಅರಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಎಚ್ಚರಿಕೆಯೂ ಬೇಕು. "ಬ್ಯಾಂಕ್‌ಖಾತೆ" ಎಂದು ಒಂದೇ ಪದವಾಗಿ ಬರೆದರೆ ಎರರ್ ಬರುತ್ತದೆ. ಕ್ ಮತ್ತು ಖಾ ಒತ್ತಕ್ಷರವಾಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಕೂತಿರುತ್ತದೆ. ಹೆಸರಿನೊಳಗೆ ಅದನ್ನು ಪೈಥಾನ್ ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ತಪ್ಪನ್ನು ಹುಡುಕುತ್ತಾ ನನ್ನ ಇಬ್ಬರು ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದಾರೆ.

ಇನ್ನೊಂದು ಉದಾಹರಣೆ. ಲೆನ್ ಎಂಬ ಫಂಕ್ಷನ್‌ಗೆ "ಕನ್ನಡ" ಎಂಬ ಪದ ಕೊಟ್ಟು ಉದ್ದ ಕೇಳಿ. ನಾವು ಎಣಿಸಿದರೆ ಮೂರು ಅಕ್ಷರ. ಪೈಥಾನ್ 3 ಐದು ಎನ್ನುತ್ತದೆ. ಕ, ನ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್), ಮತ್ತೊಂದು ನ, ಡ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಈ ಪದ ಹಾಗೇ ಕೂತಿದೆ. ಇದೇ ಪದವನ್ನು ಪೈಥಾನ್ 2ರಲ್ಲಿ ಯುಟಿಎಫ್-8 (ಯೂನಿಕೋಡನ್ನು ಬೈಟುಗಳಾಗಿ ಉಳಿಸುವ ಒಂದು ಕ್ರಮ) ಫೈಲಿನಲ್ಲಿ ಮಾಮೂಲಿ ಸ್ಟ್ರಿಂಗ್ ಆಗಿ ಬರೆದರೆ ಉತ್ತರ 15 ಬರುತ್ತಿತ್ತು. ಅದು ಅಕ್ಷರಗಳ ಬದಲು ಬೈಟುಗಳನ್ನು ಎಣಿಸುತ್ತಿತ್ತು, ಇಲ್ಲಿ ಒಂದೊಂದಕ್ಕೆ ಮೂರು ಬೈಟು. ಪೈಥಾನ್ 2ರಿಂದ 3ಕ್ಕೆ ಏನು ಬದಲಾಯಿತು ಎಂದು ಕನ್ನಡದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂಗ್ಲಿಷ್ ಲೇಖನವನ್ನು ಎಷ್ಟು ಚೆನ್ನಾಗಿ ಅನುವಾದಿಸಿದರೂ ಇದು ಬರುವುದಿಲ್ಲ. ಇಲ್ಲಿಯವರೇ ಕೂತು ಬರೆಯಬೇಕು.

ಹಾಗಾದರೆ ನಾನು ಕೇಳುತ್ತಿರುವುದೇನು? ಎಲ್ಲಕ್ಕಿಂತ ಮೊದಲು, ಕೋಡ್ ಇರುವ ಭಾಗವನ್ನು ಯಾರೇ ಮುಟ್ಟಲಿ, ಓಡಿಸಿ ನೋಡಿಯೇ ಉಳಿಸಬೇಕು ಎಂಬ ಸೂಚನೆಯನ್ನು ಈ ಪುಟಕ್ಕೆ ಹಾಕಿ. ಖಾಲಿ ಜಾಗ ತೆಗೆಯುವ ಕೆಲಸವನ್ನು ಬಾಟ್ (ತಾನಾಗಿ ಪುಟ ತಿದ್ದುವ ಪ್ರೋಗ್ರಾಮ್) ಮಾಡಲಿ, ಮನುಷ್ಯರು ಮಾಡಲಿ, ಕೋಡ್ ಭಾಗಕ್ಕೆ ಕೈಹಾಕದಂತೆ ನೋಡಿಕೊಳ್ಳಿ. ಪ್ರತಿ ಉದಾಹರಣೆಯ ಪಕ್ಕದಲ್ಲೂ ಅದು ಯಾವ ಆವೃತ್ತಿಗೆ ಎಂದು ಬರೆದಿರಲಿ. ಪೈಥಾನ್ 2ರ ವಿಷಯ ಇತಿಹಾಸದ ಭಾಗಕ್ಕೆ ಹೋಗಲಿ. ಅದನ್ನು ಅಳಿಸಬೇಕಾಗಿಲ್ಲ, ಅದೂ ಗೊತ್ತಿರಬೇಕಾದ ಕಥೆಯೇ.

ಭಾಷೆಯ ವ್ಯಾಕರಣ, ಆವೃತ್ತಿ, ತಾರೀಖುಗಳ ಮಟ್ಟಿಗೆ ಅಧಿಕೃತ ಕೈಪಿಡಿ ಮತ್ತು ಪೆಪ್‌ಗಳನ್ನು ಆಕರವಾಗಿ ಒಪ್ಪುತ್ತೀರಾ ಇಲ್ಲವಾ ಎಂಬುದನ್ನು ಚರ್ಚೆ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಲ್ಲ ಅನ್ನುವುದಾದರೆ ಕಾರಣ ಹೇಳಿ, ಬೇರೆ ಆಕರ ಹುಡುಕಿ ತರುತ್ತೇನೆ. ತಿದ್ದುಪಡಿ ರದ್ದು ಮಾಡುವಾಗ ಎರಡೇ ಪದದ ಕಾರಣ ಕೊಡಬೇಡಿ. ಹೊಸದಾಗಿ ಬಂದವರಿಗೆ ಏನು ಕಮ್ಮಿಯಾಯಿತು, ಹೇಗೆ ಸರಿಮಾಡಬಹುದು ಎಂದು ಒಂದು ಸಾಲು ತಿಳಿಸಿ. ನನ್ನ ಇಬ್ಬರು ವಿದ್ಯಾರ್ಥಿಗಳೂ ಒಮ್ಮೆ ಈ ಪುಟ ತಿದ್ದಲು ಹೋಗಿದ್ದರು. ಮೊದಲ ತಿದ್ದುಪಡಿಯೇ ಮಾತಿಲ್ಲದೆ ರದ್ದಾಯಿತು. ಅವರು ಮತ್ತೆ ಆ ಕಡೆ ತಲೆ ಹಾಕಿಲ್ಲ. ಹದಿನೆಂಟು ವರ್ಷದ ಮಕ್ಕಳು, ಬರೆಯುವ ಆಸೆ ಇಟ್ಟುಕೊಂಡು ಬಂದವರು. ಅಂಥವರು ನಿಮಗೂ ಬೇಕಲ್ಲವೇ?

ನನ್ನ ಪಾಲಿನ ಕೆಲಸ ನಾನು ಮಾಡಿದ್ದೇನೆ. ಇಡೀ ಲೇಖನವನ್ನು ಹೊಸದಾಗಿ ಬರೆದು ನನ್ನ ಪ್ರಯೋಗಪುಟದಲ್ಲಿ ಇಟ್ಟಿದ್ದೇನೆ. ಸಾಲುಸಾಲಿಗೂ ಉಲ್ಲೇಖ ಇದೆ. ಅದರಲ್ಲಿರುವ ಪ್ರತಿ ಪ್ರೋಗ್ರಾಮನ್ನೂ ಓಡಿಸಿ, ಬಂದ ಉತ್ತರವನ್ನೇ ಕೆಳಗೆ ಬರೆದಿದ್ದೇನೆ. ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಕೂತು ನೋಡುವುದಾದರೆ ಇನ್ನೂ ಸಂತೋಷ.

ಅದನ್ನೆಲ್ಲ ಓದಿ ತೀರ್ಮಾನಿಸಲು ನಿಮಗೆ ಸಮಯ ಬೇಕು, ಅರ್ಥವಾಗುತ್ತದೆ. ಕಾಯುತ್ತೇನೆ. ಆದರೆ ಒಂದು ತಿದ್ದುಪಡಿ ಮಾತ್ರ ಇವತ್ತೇ ಆಗಲಿ. 1ರಿಂದ 5ರವರೆಗೆ ಕೂಡುವ ಪ್ರೋಗ್ರಾಮಿನ ಕೊನೆಯ ಸಾಲನ್ನು ನಾಲ್ಕು ಸ್ಪೇಸ್ ಹಿಂದಕ್ಕೆ, ಎಡ ಅಂಚಿಗೆ ತಂದು ನಿಲ್ಲಿಸಿ. ಹೊಸ ತಂಡಕ್ಕೆ ಸೋಮವಾರ ಲೂಪ್ ಪಾಠ ಶುರುವಾಗುತ್ತದೆ. ಭಾನುವಾರ ರಾತ್ರಿ ಅವರು ನಿಮ್ಮ ಪುಟ ತೆರೆಯುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಪೈಥಾನ್ ಪಾಠ ಹೇಳುವ, ನಿಮ್ಮ ಓದುಗರಲ್ಲೊಬ್ಬಳು